ರ್ಯೋಕಾನ್‌ನಲ್ಲಿ ಒಂದು ರಾತ್ರಿ: ಜಪಾನಿನ ಹಳೇ ಪದ್ಧತಿಯ ವಸತಿಗೃಹದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿಗೆ ಹೊರಟ ಗೆಳೆಯರು, ನೆಂಟರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ರ್ಯೋಕಾನ್ ಬಗ್ಗೆಯೇ ಇರುತ್ತವೆ. ಬಟ್ಟೆ ಇಲ್ಲದೆ ಸ್ನಾನ ಮಾಡ್ಬೇಕಂತೆ, ಹೌದಾ? ಬರೀ ಮೀನು ಕೊಡ್ತಾರಂತೆ, ಹೌದಾ? ನೆಲದ ಮೇಲೆ ಮಲಗಿದ್ರೆ ಅಮ್ಮನ ಸೊಂಟದ ಗತಿ ಏನು? ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದನ್ನೆಲ್ಲ ಒಂದು ಕಡೆ ಸೇರಿಸಿ ಬರೆದಿದ್ದೇನೆ.

ರ್ಯೋಕಾನ್ ಅಂದ್ರೆ ಹೋಟೆಲ್ ತಾನೆ? ವ್ಯತ್ಯಾಸ ಏನು?

ಹೋಟೆಲಿನಲ್ಲಿ ನೀವು ಕೋಣೆ ಬಾಡಿಗೆಗೆ ತೆಗೆದುಕೊಳ್ಳುತ್ತೀರಿ. ರ್ಯೋಕಾನ್‌ನಲ್ಲಿ ಒಂದು ಮನೆಗೆ ಅತಿಥಿಯಾಗಿ ಹೋಗುತ್ತೀರಿ. ಚಾಪೆ ಹಾಸಿದ ಕೋಣೆ, ಬಿಸಿನೀರಿನ ಸ್ನಾನ, ರಾತ್ರಿಯ ಊಟ, ನೆಲದ ಮೇಲಿನ ಹಾಸಿಗೆ, ಬೆಳಗಿನ ಊಟ, ಇಷ್ಟೂ ಸೇರಿ ಒಂದೇ ಲೆಕ್ಕ. ಮನೆ ನಡೆಸುವವಳು ಒಕಾಮಿ, ಅಂದರೆ ಯಜಮಾನಿ. ನಿಮ್ಮ ಕೋಣೆಯ ಜವಾಬ್ದಾರಿ ಹೊತ್ತವರು ನಾಕಾಯಿ. ಚಹಾ ತರುವುದು, ಊಟ ಬಡಿಸುವುದು, ಎಷ್ಟೋ ಕಡೆ ಹಾಸಿಗೆ ಹಾಸುವುದು ಕೂಡ ಅವರೇ.

ಹೀಗಾಗಿ ಇಲ್ಲಿ ಎಲ್ಲಕ್ಕೂ ಒಂದು ಹೊತ್ತು ಅಂತ ಇದೆ. ಊಟ ಆರೂವರೆಗೆ ಅಂದರೆ ಆರೂವರೆಗೇ. ಕೆಲವರಿಗೆ ಇದು ಕಿರಿಕಿರಿ. ಆದರೆ ಒಂದು ಸಂಜೆ ಆ ಮನೆಯ ಗಡಿಯಾರಕ್ಕೆ ನಿಮ್ಮನ್ನು ಒಪ್ಪಿಸಿಕೊಂಡರೆ ಮಾತ್ರ ಕೊಟ್ಟ ದುಡ್ಡಿಗೆ ಅರ್ಥ ಬರುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಪದ್ಧತಿ ಎಷ್ಟು ಹಳೆಯದು?

ತುಂಬಾ ಹಳೆಯದು. ಯಾಮಾನಾಶಿ ಪ್ರಾಂತ್ಯದ ಬೆಟ್ಟಗಳ ನಡುವೆ ಇರುವ ಕೇಯುಂಕಾನ್ ಶುರುವಾದದ್ದು 705ರಲ್ಲಿ. ಪ್ರಪಂಚದ ಅತಿ ಹಳೆಯ ಹೋಟೆಲ್ ಅಂತ ಅದು ಗಿನ್ನೆಸ್ ದಾಖಲೆಯಲ್ಲಿದೆ. ಇಶಿಕಾವಾ ಪ್ರಾಂತ್ಯದ ಹೋಶಿ ರ್ಯೋಕಾನ್ 718ರದ್ದು. ನಮ್ಮಲ್ಲಿ ಬಾದಾಮಿ ಚಾಲುಕ್ಯರು ಆಳುತ್ತಿದ್ದ ಕಾಲ ಅದು.

ಆದರೆ ಇವತ್ತು ನಾವು ನೋಡುವ ರೂಪ ಬಂದದ್ದು ಎಡೋ ಕಾಲದಲ್ಲಿ, ಅಂದರೆ 1603ರ ನಂತರ. ಎಡೋ (ಇವತ್ತಿನ ಟೋಕಿಯೋ) ಮತ್ತು ಕ್ಯೋಟೋ ನಡುವಿನ ತೊಕಾಯ್ದೋ ರಸ್ತೆಯಲ್ಲಿ 53 ತಂಗುದಾಣಗಳಿದ್ದವು. ಜನ ನಡೆದು ಹೋಗುತ್ತಿದ್ದ ಕಾಲ. ಸಾಮಾನ್ಯರಿಗೆ ಊಟ ಕೊಟ್ಟು ಮಲಗಲು ಜಾಗ ಕೊಡುವ ಮನೆಗಳಿಗೆ ಹತಾಗೊ ಅಂತ ಹೆಸರು. ದೊರೆಗಳಿಗೆ ಬೇರೆ ಮನೆ, ಅದು ಹೊನ್‌ಜಿನ್. ಬಂದವರಿಗೆ ಮೊದಲು ಕಾಲು ತೊಳೆಯಲು ನೀರು, ಆಮೇಲೆ ಸ್ನಾನ, ಆಮೇಲೆ ಊಟ. ಮೊದಲು ಸ್ನಾನ, ಆಮೇಲೆ ಊಟ ಅನ್ನುವ ಕ್ರಮ ಇವತ್ತಿಗೂ ಬದಲಾಗಿಲ್ಲ.

ಬೇಸರದ ಸಂಗತಿ ಒಂದಿದೆ. 1980ರ ಸುಮಾರಿಗೆ ದೇಶದಲ್ಲಿ 80 ಸಾವಿರಕ್ಕೂ ಜಾಸ್ತಿ ರ್ಯೋಕಾನ್‌ಗಳಿದ್ದವು. ಈಗ ಅದರಲ್ಲಿ ಅರ್ಧವೂ ಉಳಿದಿಲ್ಲ. ನಡೆಸಲು ಮುಂದಿನ ತಲೆಮಾರು ಇಲ್ಲದೆ ಬಾಗಿಲು ಹಾಕಿದವು ಎಷ್ಟೋ.

ಖರ್ಚು ಎಷ್ಟಾಗುತ್ತೆ?

ಇಲ್ಲಿ ಬಹಳ ಜನ ಎಡವುತ್ತಾರೆ. ರ್ಯೋಕಾನ್ ದರ ಹೇಳುವುದು ಕೋಣೆಗಲ್ಲ, ತಲೆಗೆ. ಎರಡು ಊಟ ಸೇರಿದ ದರಕ್ಕೆ ‘ಇಪ್ಪಾಕು ನಿಶೋಕು’ ಅನ್ನುತ್ತಾರೆ, ಒಂದು ರಾತ್ರಿ ಎರಡು ಊಟ ಅಂತ. ಸಾಧಾರಣ ಚೆನ್ನಾಗಿರುವ ಕಡೆ ತಲೆಗೆ 15,000ದಿಂದ 25,000 ಯೆನ್ ಆಗುತ್ತದೆ. ಹೆಸರುವಾಸಿ ಮನೆಗಳಲ್ಲಿ 40,000 ದಾಟುತ್ತದೆ. ಬಿಸಿನೀರಿನ ಬುಗ್ಗೆ ಇರುವ ಊರಾದರೆ ಸ್ನಾನದ ತೆರಿಗೆ ಬೇರೆ ಇದೆ, ಸಾಮಾನ್ಯವಾಗಿ ತಲೆಗೆ 150 ಯೆನ್.

ಶನಿವಾರ, ಹಬ್ಬದ ಹಿಂದಿನ ದಿನ, ಹೊಸ ವರ್ಷ, ಏಪ್ರಿಲ್ ಕೊನೆಯ ಸಾಲು ರಜೆ, ಆಗಸ್ಟಿನ ಓಬೋನ್ ಹಬ್ಬ, ಈ ದಿನಗಳಲ್ಲಿ ದರ ಏರುತ್ತದೆ. ಮಂಗಳವಾರ ಬುಧವಾರ ಹೋಗಿ. ಒಬ್ಬರೇ ಹೋಗುವವರನ್ನು ಕೆಲವು ಕಡೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ದರ ಜಾಸ್ತಿ ಹಾಕುತ್ತಾರೆ. ಅಷ್ಟು ಖರ್ಚು ಬೇಡ ಅನ್ನುವವರು ಮಿನ್‌ಶುಕು ನೋಡಿ. ಅದು ಒಂದು ಸಂಸಾರ ತಮ್ಮ ಮನೆಯಲ್ಲೇ ನಡೆಸುವ ಚಿಕ್ಕ ವಸತಿ. ಹಾಸಿಗೆ ನೀವೇ ಹಾಸಿಕೊಳ್ಳಬೇಕು, ಊಟ ಮನೆ ಊಟದ ಥರ ಇರುತ್ತದೆ.

ಯಾವ ಊರಲ್ಲಿ ಉಳಿಯೋದು ಒಳ್ಳೇದು?

ಟೋಕಿಯೋದಿಂದ ಸುಲಭ ಅಂದರೆ ಹಾಕೋನೆ. ಶಿಂಜುಕುವಿನಿಂದ ರೈಲಿನಲ್ಲಿ ಒಂದೂವರೆ ಗಂಟೆಯೊಳಗೆ ಹಾಕೋನೆ ಯುಮೊತೊ ತಲುಪಬಹುದು. ಹಾಗಾಗಿ ಜನವೂ ಜಾಸ್ತಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಕಿನೊಸಾಕಿ. ಕ್ಯೋಟೋದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಊರ ನಡುವೆ ಒಂದು ಪುಟ್ಟ ಕಾಲುವೆ, ಎರಡೂ ದಡದಲ್ಲಿ ವಿಲ್ಲೋ ಮರಗಳು. ಊರಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಅಲ್ಲಿ ರ್ಯೋಕಾನ್‌ನಲ್ಲಿ ತಂಗಿದವರಿಗೆ ಎಲ್ಲಕ್ಕೂ ಪಾಸ್ ಸಿಗುತ್ತದೆ. ಸಂಜೆಯಾದರೆ ಇಡೀ ಊರು ಯುಕಾತಾ ಎಂಬ ತೆಳು ಹತ್ತಿಯ ನಿಲುವಂಗಿ ಉಟ್ಟು, ಮರದ ಗೇತಾ ಮೆಟ್ಟಿ, ಕೈಯಲ್ಲಿ ಟವೆಲ್ಲಿನ ಬುಟ್ಟಿ ಹಿಡಿದು ಒಂದು ಸ್ನಾನದಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತದೆ. ಕಲ್ಲುಹಾಸಿನ ಮೇಲೆ ಆ ಗೇತಾಗಳ ಟಕ್ ಟಕ್ ಸದ್ದು ಕೋಣೆಯವರೆಗೂ ಕೇಳುತ್ತದೆ. ಚಳಿಗಾಲದಲ್ಲಿ ಏಡಿ ತಿನ್ನಲೆಂದೇ ಜನ ಬರುತ್ತಾರೆ, ಆಗ ದರ ಜಾಸ್ತಿ.

ಹಿಮ ನೋಡಬೇಕಾದರೆ ಯಾಮಾಗಾತಾದ ಗಿಂಜಾನ್, ದಕ್ಷಿಣಕ್ಕೆ ಹೋಗುವುದಾದರೆ ಕುಮಾಮೊತೊದ ಕುರೊಕಾವಾ. ಸಸ್ಯಾಹಾರಿಗಳಿಗೆ ಕೋಯಾಸಾನ್. ಅದರ ಬಗ್ಗೆ ಮುಂದೆ ಬೇರೆಯಾಗಿ ಬರೆದಿದ್ದೇನೆ.

ಎಷ್ಟು ಹೊತ್ತಿಗೆ ತಲುಪಬೇಕು? ಊರೆಲ್ಲ ಸುತ್ತಿ ರಾತ್ರಿ ಒಂಬತ್ತಕ್ಕೆ ಹೋದ್ರೆ ಆಗಲ್ವಾ?

ದಯವಿಟ್ಟು ಹಾಗೆ ಮಾಡಬೇಡಿ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ: ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆಯುತ್ತದೆ, ಮೂರಕ್ಕೇ ಹೋಗಿ.

ನಮ್ಮವರು ಏಳು ದಿನಕ್ಕೆ ಏಳು ಊರು ಹಾಕಿಕೊಂಡು ಬರುತ್ತಾರೆ. ಬೆಳಗ್ಗೆ ಎಂಟರಿಂದ ಸುತ್ತಿ, ಸುಸ್ತಾಗಿ, ಕತ್ತಲಾದ ಮೇಲೆ ರ್ಯೋಕಾನ್ ತಲುಪುತ್ತಾರೆ. ಅಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಬೆಳಗ್ಗೆ ಹತ್ತಕ್ಕೆ ಕೋಣೆ ಬಿಡಬೇಕು. ಇಷ್ಟು ದುಡ್ಡು ಕೊಟ್ಟು ಬರೀ ಮಲಗಿ ಎದ್ದು ಬಂದ ಹಾಗಾಗುತ್ತದೆ.

ಮೂರಕ್ಕೆ ಹೋದರೆ ಕೋಣೆಯಲ್ಲಿ ಹಸಿರು ಚಹಾ, ಒಂದು ಸಿಹಿ ಇರುತ್ತದೆ. ಹೊಟ್ಟೆ ಖಾಲಿ ಇಟ್ಟುಕೊಂಡು ಬಿಸಿನೀರಿಗೆ ಇಳಿಯಬಾರದು ಅಂತಲೇ ಆ ಸಿಹಿ ಅನ್ನುತ್ತಾರೆ. ನಾಲ್ಕಕ್ಕೆ ಸ್ನಾನ, ಆಗ ಜನ ಕಡಿಮೆ. ಆಮೇಲೆ ಕಿಟಕಿ ಪಕ್ಕ ಸುಮ್ನೆ ಕೂತಿರಿ. ಆರು ಆರೂವರೆಗೆ ಊಟ. ಮಲಗುವ ಮುಂಚೆ ಇನ್ನೊಂದು ಸ್ನಾನ. ಬೆಳಗ್ಗೆ ಎದ್ದ ಕೂಡಲೇ ಮತ್ತೊಂದು. ಎಂಟಕ್ಕೆ ತಿಂಡಿ. ಇದೇ ಕಾರ್ಯಕ್ರಮ. ಬೇರೆ ಏನೂ ಇಟ್ಟುಕೊಳ್ಳಬೇಡಿ.

ರೈಲು ತಪ್ಪಿ ತಡವಾದರೆ ಫೋನ್ ಮಾಡಿ ತಿಳಿಸಿ. ಅಡುಗೆಯವರು ನಿಮ್ಮ ಹೊತ್ತಿಗೆ ಸರಿಯಾಗಿ ಒಂದೊಂದೇ ಬಟ್ಟಲು ತಯಾರು ಮಾಡುತ್ತಿರುತ್ತಾರೆ.

ದೊಡ್ಡ ಸೂಟ್‌ಕೇಸ್ ಇದ್ರೆ?

ಚಾಪೆಯ ಮೇಲೆ ಅದರ ಗಾಲಿ ಉರುಳಿಸಬಾರದು. ಗುರುತು ಬೀಳುತ್ತದೆ. ಒಳ್ಳೆಯ ಉಪಾಯ ತಕ್ಕ್ಯೂಬಿನ್. ದೊಡ್ಡ ಪೆಟ್ಟಿಗೆಯನ್ನು ಇವತ್ತಿನ ಹೋಟೆಲಿನಿಂದ ಮುಂದಿನ ಊರಿನ ಹೋಟೆಲಿಗೆ ಕಳಿಸುವ ಸೇವೆ ಇದು, ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ರ್ಯೋಕಾನ್‌ಗೆ ಒಂದು ಬೆನ್ನುಚೀಲ ಸಾಕು. ಟವೆಲ್, ಸೋಪು, ಬ್ರಷ್, ರಾತ್ರಿ ಉಡುಪು ಎಲ್ಲ ಅಲ್ಲೇ ಕೊಡುತ್ತಾರೆ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಲಿ, ಬಂದ ಕೂಡಲೇ ಅದರ ಪ್ರತಿ ತೆಗೆದುಕೊಳ್ಳುತ್ತಾರೆ.

ಚಪ್ಪಲಿ, ಸ್ಲಿಪ್ಪರ್ ಗೊಂದಲ ಏನು?

ಹೊರಗಿನ ಚಪ್ಪಲಿ ಬಾಗಿಲ ಹತ್ತಿರದ ತಗ್ಗಿನಲ್ಲಿ ಬಿಡಬೇಕು. ಅದಕ್ಕೆ ಗೆಂಕಾನ್ ಅನ್ನುತ್ತಾರೆ. ನಮಗೆ ಇದು ಕಷ್ಟವೇ ಅಲ್ಲ, ಮನೆಯಲ್ಲಿ ಮಾಡುವುದನ್ನೇ ಮಾಡುತ್ತೇವೆ. ಒಳಗೆ ಪಡಸಾಲೆಯಲ್ಲಿ ಓಡಾಡಲು ಸ್ಲಿಪ್ಪರ್ ಕೊಡುತ್ತಾರೆ. ಕೋಣೆಯ ಚಾಪೆ ಶುರುವಾಗುವ ಕಡೆ ಅದನ್ನೂ ಬಿಡಬೇಕು. ತಾತಾಮಿ ಎಂಬ ಆ ಚಾಪೆಯ ಮೇಲೆ ಬರಿಗಾಲು ಅಥವಾ ಕಾಲುಚೀಲ, ಅಷ್ಟೇ. ಶೌಚಾಲಯದ ಒಳಗೆ ಬೇರೆ ಸ್ಲಿಪ್ಪರ್ ಇರುತ್ತದೆ. ಅದನ್ನು ಹಾಕಿಕೊಂಡೇ ಕೋಣೆಗೆ ಬಂದುಬಿಡುವುದು ಹೊಸಬರು ಮಾಡುವ ತಪ್ಪು.

ಅಂದ ಹಾಗೆ, ಶೌಚಾಲಯದಲ್ಲಿ ನೀರು ಇರುತ್ತಾ ಅಂತ ಕೇಳುವವರಿಗೆ: ಇರುತ್ತದೆ. ನೀರು ಚಿಮ್ಮಿಸುವ ಬಿಸಿ ಆಸನ ಈಗ ಹಳ್ಳಿಯ ರ್ಯೋಕಾನ್‌ನಲ್ಲೂ ಸಾಮಾನ್ಯ.

ಕೋಣೆಯಲ್ಲಿ ಮಂಚ ಇಲ್ವಾ?

ಬಾಗಿಲು ಸರಿಸಿ ಒಳಗೆ ಹೋದರೆ ಮೊದಲು ಮೂಗಿಗೆ ಬರುವುದು ಹುಲ್ಲಿನ ವಾಸನೆ. ತಾತಾಮಿಯ ಮೇಲ್ಪದರವನ್ನು ಇಗುಸಾ ಎಂಬ ಜೊಂಡಿನಿಂದ ನೇಯುತ್ತಾರೆ. ಹೊಸ ಚಾಪೆ ಹಸಿರಾಗಿರುತ್ತದೆ, ಬರಬರುತ್ತಾ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಕೋಣೆಯ ಅಳತೆ ಹೇಳುವುದೂ ಚಾಪೆ ಲೆಕ್ಕದಲ್ಲೇ. ಒಂದು ಚಾಪೆ ಸುಮಾರು 90 ಸೆಂಟಿಮೀಟರ್ ಅಗಲ, 180 ಉದ್ದ. ಎಂಟು ಚಾಪೆ, ಹತ್ತು ಚಾಪೆಯ ಕೋಣೆಗಳು ಸಾಮಾನ್ಯ.

ನಡುವೆ ಒಂದು ಗಿಡ್ಡ ಮೇಜು, ಕೂರಲು ದಿಂಬುಗಳು. ಚಳಿಗಾಲದಲ್ಲಿ ಕೆಲವು ಕಡೆ ಕೊತಾತ್ಸು ಇರುತ್ತದೆ: ಮೇಜಿನ ಕೆಳಗೆ ಹೀಟರ್, ಸುತ್ತ ಹೊದಿಕೆ, ಒಳಗೆ ಕಾಲು ತೂರಿಸಿದರೆ ಏಳಲು ಮನಸ್ಸೇ ಬರುವುದಿಲ್ಲ. ಹಾಸಿಗೆ ಎಲ್ಲಿ ಅಂತ ಹುಡುಕಬೇಡಿ, ಅದು ಗೋಡೆ ಬೀರುವಿನಲ್ಲಿದೆ. ನೀವು ಊಟಕ್ಕೆ ಹೋದಾಗ ಮೇಜು ಬದಿಗೆ ಸರಿದಿರುತ್ತದೆ, ಬಂದು ನೋಡಿದರೆ ಬಿಳಿ ಫುತೋನ್ ಹಾಸಿರುತ್ತದೆ. ದಪ್ಪ ಸಾಲದು ಅನ್ನಿಸಿದರೆ ಇನ್ನೊಂದು ಕೇಳಿ, ಕೊಡುತ್ತಾರೆ.

ಗೋಡೆಯಲ್ಲಿ ಒಂದು ಮೆಟ್ಟಿಲಷ್ಟು ಎತ್ತರಿಸಿದ ಗೂಡು ಕಾಣುತ್ತದೆ. ಅಲ್ಲಿ ಒಂದು ಚಿತ್ರಸುರುಳಿ, ಕೆಳಗೆ ಹೂದಾನಿಯಲ್ಲಿ ಒಂದೋ ಎರಡೋ ಹೂ. ಇದು ತೊಕೊನೊಮಾ, ಕೋಣೆಯ ಅತಿ ಗೌರವದ ಜಾಗ. ಅದರ ಮೇಲೆ ಬ್ಯಾಗ್ ಇಡಬಾರದು, ಹತ್ತಿ ಕೂರಬಾರದು. ದೇವರ ಕೋಣೆಯಲ್ಲಿ ಸೂಟ್‌ಕೇಸ್ ಇಡಲ್ಲ ಅಲ್ವಾ, ಹಾಗೆ ಅಂದುಕೊಳ್ಳಿ.

ಯುಕಾತಾ ಉಡೋದು ಹೇಗೆ? ಊಟಕ್ಕೂ ಅದೇ ಹಾಕ್ಕೊಂಡು ಹೋಗಬಹುದಾ?

ಹೋಗಬಹುದು. ಊಟ, ಸ್ನಾನ, ನಿದ್ದೆ ಎಲ್ಲಕ್ಕೂ ಅದೇ. ಬುಗ್ಗೆ ಊರುಗಳಲ್ಲಿ ಬೀದಿಗೂ ಅದೇ. ಬಲಮಗ್ಗುಲು ಮೊದಲು ಮೈಗೆ ತಾಗಬೇಕು, ಅದರ ಮೇಲೆ ಎಡಮಗ್ಗುಲು ಬರಬೇಕು. ಗಂಡಸರಿಗೂ ಹೆಂಗಸರಿಗೂ ಹೀಗೇ. ತಿರುಗಾಮುರುಗಾ ಆದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಹಾಗೆ ಉಟ್ಟು ಹೊರಬಂದರೆ ಯಾರಾದರೂ ಅಜ್ಜಿ ಓಡಿ ಬಂದು ಸರಿ ಮಾಡುತ್ತಾರೆ. ಚಳಿಗೆ ಮೇಲೊಂದು ಹಾವೊರಿ, ಅಂದರೆ ಗಿಡ್ಡ ಮೇಲಂಗಿ ಕೊಡುತ್ತಾರೆ.

ನಿಜವಾಗ್ಲೂ ಬಟ್ಟೆ ಇಲ್ಲದೆ ಸ್ನಾನ ಮಾಡ್ಬೇಕಾ?

ಹೌದು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಆದರೆ ಒಳಗೆ ಬಟ್ಟೆ ಇಲ್ಲ. ಈಜುಡುಗೆಗೂ ಅವಕಾಶ ಇಲ್ಲ. ನನಗೆ ಮೊದಲ ಸಲ ಬಟ್ಟೆ ಬಿಚ್ಚುವ ಕೋಣೆಯಲ್ಲಿ ಹತ್ತು ನಿಮಿಷ ಕಾಲೇ ಏಳಲಿಲ್ಲ. ಒಳಗೆ ಹೋದ ಮೇಲೆ ಗೊತ್ತಾಯಿತು, ಯಾರೂ ಯಾರನ್ನೂ ನೋಡುವುದಿಲ್ಲ. ಮುದುಕರು, ಮಕ್ಕಳು, ಹೊಟ್ಟೆ ಬಂದವರು, ಆಪರೇಷನ್ ಗಾಯ ಇರುವವರು, ಎಲ್ಲರೂ ಅವರವರ ಪಾಡಿಗೆ ಕಣ್ಣು ಮುಚ್ಚಿ ನೀರಿನಲ್ಲಿ ಕೂತಿರುತ್ತಾರೆ. ಐದು ನಿಮಿಷದಲ್ಲಿ ನಾಚಿಕೆ ಹೋಗುತ್ತದೆ. ನಾನು ಇದನ್ನು ಭರವಸೆ ಕೊಟ್ಟು ಹೇಳುತ್ತೇನೆ.

ಕ್ರಮ ಹೀಗೆ. ಬಾಗಿಲ ಪರದೆ ನೋಡಿ. ಸಾಮಾನ್ಯವಾಗಿ ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ಎಷ್ಟೋ ಕಡೆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎರಡನ್ನೂ ಅದಲುಬದಲು ಮಾಡಿರುತ್ತಾರೆ, ಎರಡೂ ಕೊಳ ಎಲ್ಲರಿಗೂ ಸಿಗಲಿ ಅಂತ. ಹಾಗಾಗಿ ನಿನ್ನೆ ಹೋದ ಬಾಗಿಲು ಅಂತ ನೇರ ನುಗ್ಗಬೇಡಿ. ಬಟ್ಟೆ ಬುಟ್ಟಿಯಲ್ಲಿಟ್ಟು ಚಿಕ್ಕ ಟವೆಲ್ ಮಾತ್ರ ತೆಗೆದುಕೊಂಡು ಒಳಗೆ ಹೋಗಿ. ಗೋಡೆ ಉದ್ದಕ್ಕೂ ನಲ್ಲಿ, ಶವರ್, ಗಿಡ್ಡ ಸ್ಟೂಲು. ಕೂತೇ ಮೈ ತೊಳೆಯಬೇಕು, ನಿಂತರೆ ಪಕ್ಕದವರಿಗೆ ಹಾರುತ್ತದೆ. ಸೋಪಿನ ನೊರೆ ಒಂದು ಚೂರೂ ಉಳಿಯದ ಹಾಗೆ ತೊಳೆದುಕೊಂಡ ಮೇಲೆಯೇ ಕೊಳಕ್ಕೆ ಇಳಿಯಬೇಕು. ಯಾಕಂದರೆ ಕೊಳ ಇರುವುದು ಕೊಳೆ ತೆಗೆಯಲಿಕ್ಕಲ್ಲ, ನೆನೆಯಲಿಕ್ಕೆ. ಎಲ್ಲರಿಗೂ ಒಂದೇ ನೀರು. ಕೂದಲು ಕಟ್ಟಿಕೊಳ್ಳಿ. ಟವೆಲ್ ನೀರಿಗೆ ತಾಗಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ಳುತ್ತಾರೆ.

ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ. ಧುಮುಕಬೇಡಿ. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಹೆಗಲು. ಹತ್ತು ನಿಮಿಷಕ್ಕೆ ಎದ್ದು ಸ್ವಲ್ಪ ಆರಿಸಿಕೊಂಡು ಮತ್ತೆ ಇಳಿಯಿರಿ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಕೊಂಡೇ ಹೋಗಿ. ಕುಡಿದು ಇಳಿಯಬೇಡಿ.

ಒಳಗೆ ಫೋನ್ ಬೇಡವೇ ಬೇಡ.

ಎಲ್ಲಾ ಬಿಸಿನೀರೂ ಓನ್ಸೆನ್ನಾ?

ಅಲ್ಲ. ಓನ್ಸೆನ್ ಅಂದರೆ ನೆಲದಿಂದ ಬರುವ ಬುಗ್ಗೆಯ ನೀರು. ಅದಕ್ಕೆ 1948ರ ಕಾನೂನಿದೆ. ನೆಲದಿಂದ ಬರುವ ನೀರು ಕಡಿಮೆ ಅಂದರೂ 25 ಡಿಗ್ರಿ ಇರಬೇಕು, ಅಥವಾ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ಬಟ್ಟೆ ಬಿಚ್ಚುವ ಕೋಣೆಯ ಗೋಡೆಯಲ್ಲಿ ಆ ನೀರಿನ ಪರೀಕ್ಷೆಯ ಹಾಳೆ ತೂಗುಹಾಕಿರುತ್ತಾರೆ. ಗಂಧಕದ ನೀರಾದರೆ ಬೆಳ್ಳಿ ಒಡವೆ ಕಪ್ಪಾಗುತ್ತದೆ, ತೆಗೆದಿಟ್ಟು ಹೋಗಿ.

ಎಷ್ಟು ಹೇಳಿದ್ರೂ ನನಗೆ ಎಲ್ಲರ ಜೊತೆ ಆಗಲ್ಲ. ಬೇರೆ ದಾರಿ ಇದೆಯಾ?

ಇದೆ. ಕಾಶಿಕಿರಿ ಅಂತ ಕೇಳಿ. ಒಂದು ಚಿಕ್ಕ ಸ್ನಾನದ ಕೋಣೆಯನ್ನು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಿಮಗೇ ಅಂತ ಬಿಟ್ಟುಕೊಡುತ್ತಾರೆ. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಹೋಗಬಹುದು. ಮುಟ್ಟಿನ ದಿನಗಳಲ್ಲಿ ಸಾರ್ವಜನಿಕ ಕೊಳಕ್ಕೆ ಇಳಿಯದೆ ಕೋಣೆಯ ಶವರ್ ಬಳಸುವುದು ಅಲ್ಲಿಯ ರೂಢಿ. ಕೋಣೆಗೇ ಹೊಂದಿಕೊಂಡ ಬಯಲು ಕೊಳ ಇರುವ ರ್ಯೋಕಾನ್‌ಗಳೂ ಇವೆ, ದರ ಜಾಸ್ತಿ. ಹಚ್ಚೆ ಇರುವವರನ್ನು ಎಷ್ಟೋ ಕಡೆ ಒಳಗೆ ಬಿಡುವುದಿಲ್ಲ. ಮೊದಲೇ ಕೇಳಿ. ಕಿನೊಸಾಕಿಯ ಏಳು ಸ್ನಾನಗೃಹಗಳಲ್ಲಿ ಹಚ್ಚೆಗೆ ತಕರಾರಿಲ್ಲ.

ಊಟ ಹೇಗಿರುತ್ತೆ?

ಕಾಯ್ಸೆಕಿ ಅಂತ ಹೆಸರು. ಒಂದರ ಹಿಂದೆ ಒಂದು ಚಿಕ್ಕ ಚಿಕ್ಕ ಬಟ್ಟಲು, ಹತ್ತಾದರೂ ಇರುತ್ತವೆ. ಶುರುವಿಗೆ ಒಂದು ತುತ್ತಿನ ತಿನಿಸು, ಆಮೇಲೆ ತಿಳಿ ಸಾರು, ಹಸಿ ಮೀನು, ಸುಟ್ಟದ್ದು, ಬೇಯಿಸಿದ್ದು. ಬಟ್ಟಲುಗಳೂ ಋತುವಿಗೆ ತಕ್ಕಂತೆ ಬದಲಾಗುತ್ತವೆ: ಬೇಸಿಗೆಯಲ್ಲಿ ಗಾಜು, ಚಳಿಗೆ ದಪ್ಪ ಮಣ್ಣಿನದು. ಶರತ್ಕಾಲದಲ್ಲಿ ತಟ್ಟೆಯ ಅಂಚಿಗೆ ಒಂದು ನಿಜವಾದ ಕೆಂಪು ಮೇಪಲ್ ಎಲೆ ಇಟ್ಟಿರುತ್ತಾರೆ.

ಮುಂದೆ ಒಂದು ಅಂಗೈಯಗಲದ ಒಲೆ, ಮೇಲೆ ಪುಟ್ಟ ಮಡಕೆ. ನಾಕಾಯಿ ಮಂಡಿಯೂರಿ ಕೂತು ಕೆಳಗಿನ ಗಟ್ಟಿ ಇಂಧನದ ಬಿಲ್ಲೆಗೆ ಬೆಂಕಿ ಹಚ್ಚಿ, ‘ಇದು ಆರಿದಾಗ ಬೆಂದಿರುತ್ತೆ’ ಅಂತ ಹೇಳಿ ಹೋಗುತ್ತಾರೆ. ನೀಲಿ ಉರಿ ಸಣ್ಣಗಾಗುತ್ತಾ ಬರುತ್ತದೆ, ಮುಚ್ಚಳದ ತೂತಿನಿಂದ ಹಬೆ ಬರುತ್ತದೆ, ಉರಿ ಪುಸ್ಸನೆ ಆರುತ್ತದೆ. ತೆರೆದು ನೋಡಿದರೆ ಸರಿಯಾಗಿ ಬೆಂದಿರುತ್ತದೆ. ಇಷ್ಟು ಚಿಕ್ಕ ವಿಷಯಕ್ಕೆ ಯಾರೋ ಇಷ್ಟು ಲೆಕ್ಕ ಹಾಕಿದ್ದಾರಲ್ಲ ಅಂತ ನನಗೆ ಪ್ರತಿ ಸಲ ಮನಸ್ಸು ತುಂಬುತ್ತದೆ.

ಅನ್ನ ಎಲ್ಲಿ ಅಂತ ಕಾಯಬೇಡಿ. ಅನ್ನ, ಮಿಸೋ (ಹುದುಗಿಸಿದ ಸೋಯಾಕಾಳಿನ) ಸಾರು, ಉಪ್ಪಿನಕಾಯಿ ಕೊನೆಗೆ ಬರುತ್ತವೆ. ಅಂದರೆ ಊಟ ಮುಗಿಯುತ್ತಾ ಬಂತು ಅಂತ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ.

ನಾವು ಸಸ್ಯಾಹಾರಿಗಳು. ಏನು ಮಾಡೋದು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ಬೆಟ್ಟದ ಊರಿನ ರ್ಯೋಕಾನ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬುಕಿಂಗ್ ಮಾಡುವಾಗ ‘ಸಸ್ಯಾಹಾರಿ’ ಅಂತ ಒಂದೇ ಪದ ಬರೆದಿದ್ದೆ. ಬೇಯಿಸಿದ ಬದನೆಕಾಯಿ ಬಂತು, ಮೇಲೆ ತೆಳ್ಳನೆಯ ಕಂದು ಸಿಪ್ಪೆಗಳು. ಹಬೆಗೆ ಅವು ಅಲುಗಾಡುತ್ತಿದ್ದವು. ಅಮ್ಮ ಕೇಳಿದರು, ‘ಇದೇನಿದು, ಜೀವ ಇದ್ದ ಹಾಗೆ ಆಡ್ತಿದೆ?’ ಅದು ಕಾತ್ಸುಓಬುಶಿ, ಒಣಗಿಸಿ ಹೊಗೆ ಕೊಟ್ಟ ಮೀನನ್ನು ಹೆರೆದದ್ದು. ಸಾರಿನ ತುಂಬ ಅದರದ್ದೇ ರಸ. ಬಡಿಸಿದ ಹೆಂಗಸಿಗೆ ವಿಷಯ ತಿಳಿದಾಗ ಮುಖ ಸಣ್ಣಗಾಯಿತು. ಬಿಳಿ ಅನ್ನ, ತೋಫು, ಉಪ್ಪಿನಕಾಯಿ, ನೋರಿ ಎಂಬ ಸಮುದ್ರದ ಪಾಚಿಯ ಹಾಳೆ ತಂದಿಟ್ಟು ಎಷ್ಟು ಸಲ ಕ್ಷಮೆ ಕೇಳಿದರೋ. ಅಮ್ಮ ಅನ್ನ ತೋಫು ತಿಂದು ಮಲಗಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ವಿಷಯ ಏನಂದರೆ, ಜಪಾನಿನ ಅಡುಗೆಗೆ ದಾಶಿ ಎಂಬ ರಸವೇ ಬುನಾದಿ, ಅದು ಹೆಚ್ಚಾಗಿ ಮೀನು ಮತ್ತು ಕೊಂಬು ಎಂಬ ಸಮುದ್ರದ ಪಾಚಿಯಿಂದ ಬರುತ್ತದೆ. ಮಿಸೋ ಸಾರು, ನೂಡಲ್ಸ್ ಸಾರು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದು ಇರಬಹುದು. ಕಣ್ಣಿಗೆ ಮೀನು ಕಾಣುವುದಿಲ್ಲ, ಹಾಗಾಗಿ ಅಡುಗೆಯವರಿಗೂ ಅದು ಮೀನು ಅಂತ ಅನ್ನಿಸದೆ ಹೋಗಬಹುದು.

ಆದ್ದರಿಂದ ಬುಕ್ ಮಾಡುವ ಮೊದಲೇ ಬರೆದು ಕೇಳಿ. ಏನು ತಿನ್ನುವುದಿಲ್ಲ ಅಂತ ಒಂದೊಂದಾಗಿ ಬರೆಯಿರಿ: ಮಾಂಸ, ಮೀನು, ಏಡಿ ಸಿಗಡಿ, ಮೊಟ್ಟೆ, ಮೀನಿನ ದಾಶಿ. ಏನು ತಿನ್ನುತ್ತೀರಿ ಅಂತಲೂ ಬರೆಯಿರಿ: ಕೊಂಬು ದಾಶಿ, ಶಿಟಾಕೆ ಅಣಬೆಯ ದಾಶಿ, ತೋಫು, ತರಕಾರಿ, ಅನ್ನ, ಹಾಲು. ‘ಆಗುತ್ತೆ’ ಅಂತ ಅವರು ಉತ್ತರ ಕೊಟ್ಟ ಮೇಲೆಯೇ ದುಡ್ಡು ಕಟ್ಟಿ. ಆಗುವುದಿಲ್ಲ ಅಂದರೆ ಊಟವಿಲ್ಲದ ದರ ಇದೆಯಾ ಕೇಳಿ, ಅದಕ್ಕೆ ಸುದೊಮಾರಿ ಅನ್ನುತ್ತಾರೆ. ಹೋದ ದಿನ ಕೂತ ಮೇಲೆ ಹೇಳಿದರೆ ಏನೂ ಮಾಡಲು ಬರುವುದಿಲ್ಲ, ಅಡುಗೆ ಆಗಲೇ ಮುಗಿದಿರುತ್ತದೆ.

ಬಾಯಲ್ಲಿ ಹೇಳಲು ಎರಡು ವಾಕ್ಯ: ‘ನಿಕು, ಸಕಾನಾ, ತಮಾಗೊ ವಾ ತಾಬೆಮಾಸೆನ್. ಕಾತ್ಸುಓ ನೊ ದಾಶಿ ಮೊ ತಾಬೆರಾರೆಮಾಸೆನ್.’ ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಮೀನಿನ ದಾಶಿಯೂ ಆಗುವುದಿಲ್ಲ ಅಂತ.

ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಬಹುದಾ ಅಂತ ಕೇಳುತ್ತಾರೆ. ಕೋಣೆಯಲ್ಲಿ ತಿನ್ನಿ, ಬಡಿಸಿದ ಕಾಯ್ಸೆಕಿ ಮುಂದೆ ತೆಗೆಯಬೇಡಿ. ಆ ರುಚಿಗಳು ತುಂಬ ಮೆಲ್ಲಗೆ ಮಾತಾಡುವ ರುಚಿಗಳು. ಒಗ್ಗರಣೆ, ಖಾರ ಹಾಕಿದರೆ ಅವು ಕೇಳಿಸುವುದಿಲ್ಲ.

ಕೋಯಾಸಾನ್ ಸಸ್ಯಾಹಾರಿಗಳಿಗೆ ಒಳ್ಳೇದು ಅಂತಾರಲ್ಲ?

ತುಂಬ ಒಳ್ಳೆಯದು. ಅಮ್ಮನ ಆ ರಾತ್ರಿಯ ನಂತರ ನಾವು ಹೋದದ್ದು ಅಲ್ಲಿಗೇ. ಕೂಕಾಯ್ ಎಂಬ ಸನ್ಯಾಸಿ ಚೀನಾದಲ್ಲಿ ಕಲಿತು ಬಂದು 816ರಲ್ಲಿ ಚಕ್ರವರ್ತಿಯಿಂದ ಈ ಬೆಟ್ಟ ಪಡೆದು ಕಟ್ಟಿದ ಮಠಗಳ ಊರು ಇದು. ಸುಮಾರು 800 ಮೀಟರ್ ಎತ್ತರದಲ್ಲಿದೆ, ಸುತ್ತ ದೇವದಾರುವಿನಂಥ ದೊಡ್ಡ ಸುಗಿ ಮರಗಳು. ಇಲ್ಲಿಯ ಸುಮಾರು 50 ಮಠಗಳು ಯಾತ್ರಿಕರಿಗೆ ತಂಗಲು ಜಾಗ ಕೊಡುತ್ತವೆ. ಇವಕ್ಕೆ ಶುಕುಬೋ ಅನ್ನುತ್ತಾರೆ. ಚಾಪೆ, ಫುತೋನ್, ಯುಕಾತಾ, ಸ್ನಾನ ಎಲ್ಲ ರ್ಯೋಕಾನ್ ಥರವೇ. ನಡೆಸುವವರು ಭಿಕ್ಷುಗಳು.

ಊಟ ಶೋಜಿನ್ ರ್ಯೋರಿ. ಮಾಂಸ ಇಲ್ಲ, ಮೀನು ಇಲ್ಲ, ದಾಶಿಯೂ ಕೊಂಬು ಮತ್ತು ಅಣಬೆಯದ್ದು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠಗಳ ಊಟದ ಪಥ್ಯವನ್ನೇ ಪೆಸಿಫಿಕ್ ಸಮುದ್ರದ ಅಂಚಿನಲ್ಲಿ ನೋಡಿದಾಗ ಅಮ್ಮನಿಗೆ ಆದ ಸಂತೋಷ ಹೇಳತೀರದು. ಎಳ್ಳು ಅರೆದು ಕುದ್ಜು ಗೆಡ್ಡೆಯ ಹಿಟ್ಟಿನ ಜೊತೆ ಕಾಯಿಸಿ ಗಟ್ಟಿ ಮಾಡಿದ ಗೋಮಾದೋಫು, ಹಿಮದಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾದೋಫು, ಎರಡೂ ಇಲ್ಲಿಯ ವಿಶೇಷ.

ಬೆಳಗ್ಗೆ ಆರರ ಹೊತ್ತಿಗೆ ಪ್ರಾರ್ಥನೆ. ಅತಿಥಿಗಳೂ ಹೋಗಿ ಕೂರಬಹುದು. ಕೆಲವು ಮಠಗಳಲ್ಲಿ ಬೆಂಕಿಗೆ ಎಣ್ಣೆ, ಧಾನ್ಯ, ಕಟ್ಟಿಗೆ ಅರ್ಪಿಸುವ ವಿಧಿ ಇದೆ. ಅದರ ಹೆಸರು ಗೋಮಾ. ನಮ್ಮ ಹೋಮವೇ, ಪದವೂ ಅದೇ. ಸಾಧ್ಯವಾದರೆ ಅಜಿಕಾನ್ ಎಂಬ ಧ್ಯಾನಕ್ಕೂ ಕೂರಿ. ಚಂದ್ರನ ಬಿಂಬದಲ್ಲಿ ತಾವರೆ, ತಾವರೆಯ ಮೇಲೆ ಒಂದೇ ಒಂದು ಅಕ್ಷರ. ಆ ಅಕ್ಷರ ‘ಅ’. ಸಿದ್ಧಂ ಲಿಪಿಯದ್ದು. ಕನ್ನಡ ಲಿಪಿಯ ಹಾಗೆ ಅದೂ ಬ್ರಾಹ್ಮಿಯಿಂದ ಬಂದದ್ದು. ಕೂಕಾಯ್ ಸಮಾಧಿ ಇರುವ ಒಕುನೊಇನ್ ದಾರಿಯಲ್ಲಿ ಎರಡು ಕಿಲೋಮೀಟರ್ ಉದ್ದಕ್ಕೂ ಪಾಚಿ ಹಿಡಿದ ಸಮಾಧಿಗಳಿವೆ. ಅವುಗಳ ಮೇಲೂ ಈ ಅಕ್ಷರಗಳನ್ನು ಕೆತ್ತಿದ್ದಾರೆ.

ಒಸಾಕಾದ ನಂಬಾದಿಂದ ನಂಕಾಯ್ ರೈಲು, ಕೊನೆಯಲ್ಲಿ ಐದು ನಿಮಿಷದ ಕೇಬಲ್ ಕಾರ್, ಅಲ್ಲಿಂದ ಊರಿಗೆ ಬಸ್ಸು. ಒಟ್ಟು ಸುಮಾರು ಎರಡು ಗಂಟೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಹಳೇ ಕಟ್ಟಡಗಳಲ್ಲಿ ಪಡಸಾಲೆ ಕೊರೆಯುತ್ತದೆ. ಉಣ್ಣೆ ಕಾಲುಚೀಲ ಮರೆಯಬೇಡಿ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೆಚ್ಚಿನ ಕಡೆ ಹೋಗಬಹುದು. ಕೆಲವು ದುಬಾರಿ ಮನೆಗಳು ಚಿಕ್ಕ ಮಕ್ಕಳನ್ನು ಸೇರಿಸುವುದಿಲ್ಲ. ಮಕ್ಕಳ ದರ ಅವರಿಗೆ ಏನು ಬೇಕು ಅನ್ನುವುದರ ಮೇಲಿರುತ್ತದೆ: ದೊಡ್ಡವರ ಥರದ ಊಟವಾ, ಮಕ್ಕಳ ಊಟವಾ, ಬರೀ ಹಾಸಿಗೆಯಾ. ಡಯಾಪರ್ ಹಾಕುವ ಮಗುವನ್ನು ದೊಡ್ಡ ಕೊಳಕ್ಕೆ ಇಳಿಸಬಾರದು. ಏಳು ವರ್ಷ ತುಂಬಿದ ಮಗನನ್ನು ಅಮ್ಮ, ಮಗಳನ್ನು ಅಪ್ಪ ತಮ್ಮ ಕಡೆ ಕರೆದೊಯ್ಯುವುದು ಬಹಳ ಕಡೆ ಈಗ ಇಲ್ಲ. ಕಾಗದದ ಶೋಜಿ ಬಾಗಿಲಿನ ಮೇಲೆ ಒಂದು ಕಣ್ಣಿರಲಿ, ಬೆರಳು ತಾಗಿದರೆ ಹರಿಯುತ್ತದೆ.

ಮಂಡಿ ನೋವಿರೋ ಹಿರಿಯರಿಗೆ?

ಮೊದಲೇ ತಿಳಿಸಿ. ‘ವಾಯೋಶಿತ್ಸು’ ಅಂತ ಕೇಳಿದರೆ ಚಾಪೆಯೂ ಮಂಚವೂ ಇರುವ ಕೋಣೆ ಸಿಗುತ್ತದೆ. ಊಟಕ್ಕೆ ಕುರ್ಚಿ ಮೇಜು ಇರುವ ಹಾಲ್ ಇದೆಯಾ, ಲಿಫ್ಟ್ ಇದೆಯಾ ಅಂತಲೂ ಕೇಳಿ. ಹಳೇ ಮರದ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಕಡಿಮೆ.

ಟಿಪ್ಸ್ ಕೊಡ್ಬೇಕಾ?

ಬೇಡ. ಸೇವೆಯ ದುಡ್ಡು ದರದಲ್ಲೇ ಇದೆ. ಮೈಸೂರ್‌ಪಾಕಿನ ಒಂದು ಚಿಕ್ಕ ಡಬ್ಬಿ ಕೊಟ್ಟರೆ ಖುಷಿಯಿಂದ ತೆಗೆದುಕೊಳ್ಳುತ್ತಾರೆ, ಎರಡೂ ಕೈಯಲ್ಲಿ ಕೊಡಿ.

ಜಪಾನಿ ಭಾಷೆ ಬರದಿದ್ರೆ ಕಷ್ಟನಾ?

ಕಷ್ಟ ಇಲ್ಲ. ಫೋನಿನ ಅನುವಾದದ ಆ್ಯಪ್ ಅವರ ಹತ್ತಿರವೂ ಇರುತ್ತದೆ. ಊಟಕ್ಕೆ ಮೊದಲು ‘ಇತಾದಾಕಿಮಾಸ್’, ಮುಗಿದ ಮೇಲೆ ‘ಗೊಚಿಸೊಸಾಮಾ ದೆಶಿತಾ’. ಹೊರಡುವಾಗ ‘ಒಸೆವಾ ನಿ ನಾರಿಮಾಶಿತಾ’, ನಿಮ್ಮ ಆರೈಕೆಯಲ್ಲಿದ್ದೆವು ಅಂತ. ಈ ಕೊನೆಯದನ್ನು ಕಲಿತು ಹೋಗಿ.

ರಾತ್ರಿ ತಡವಾಗಿ ಹೊರಗೆ ಹೋಗಿ ಬರಬಹುದಾ?

ಚಿಕ್ಕ ರ್ಯೋಕಾನ್‌ಗಳಲ್ಲಿ ಹತ್ತು ಹನ್ನೊಂದಕ್ಕೆ ಮುಂಬಾಗಿಲು ಹಾಕುತ್ತಾರೆ, ಮಠಗಳಲ್ಲಿ ಇನ್ನೂ ಬೇಗ. ಗೋಡೆ ಅಂದರೆ ಮರ ಮತ್ತು ಕಾಗದ, ಪಕ್ಕದ ಕೋಣೆಯ ಕೆಮ್ಮೂ ಕೇಳುತ್ತದೆ. ಮನೆಗೆ ಸ್ಪೀಕರ್ ಹಾಕಿ ವಿಡಿಯೊ ಕಾಲ್ ಮಾಡುವುದು ಬೇಡ.

ಹೋಗೋಕೆ ಆಗದಿದ್ರೆ ರದ್ದು ಮಾಡಬಹುದಾ?

ನಿಯಮ ಓದಿಕೊಳ್ಳಿ. ದಿನ ಹತ್ತಿರವಾದಷ್ಟೂ ಹಿಡಿದುಕೊಳ್ಳುವ ದುಡ್ಡು ಜಾಸ್ತಿ. ಹೇಳದೇ ತಪ್ಪಿಸಿದರೆ ಪೂರ್ತಿ ದರವನ್ನೂ ಕೇಳಬಹುದು. ನಿಮ್ಮ ಹೆಸರಿಗೆ ಅಂತಲೇ ಆ ಬೆಳಗ್ಗೆ ಮಾರುಕಟ್ಟೆಯಿಂದ ಸಾಮಾನು ತಂದಿರುತ್ತಾರೆ.

ಬೆಳಗ್ಗೆ ಹಾಸಿಗೆ ಮಡಚಿಡಬೇಕಾ?

ಬೇಕಿಲ್ಲ. ಹೊದಿಕೆ ಸುಮ್ನೆ ಅರ್ಧಕ್ಕೆ ಮಡಚಿದರೆ ಸಾಕು. ಎಷ್ಟೋ ಕಡೆ ನೀವು ತಿಂಡಿಗೆ ಹೋದಾಗ ಬಂದು ತೆಗೆದುಬಿಡುತ್ತಾರೆ, ಆದ್ದರಿಂದ ಫೋನು, ಕನ್ನಡಕ ದಿಂಬಿನ ಕೆಳಗೆ ಬಿಡಬೇಡಿ.

ಹೊರಡುವಾಗ ಏನಾದ್ರೂ ಪದ್ಧತಿ ಇದೆಯಾ?

ನಿಮ್ಮ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿ ಜೋಡಿಸಿಟ್ಟಿರುತ್ತಾರೆ. ಒಕಾಮಿ ಮತ್ತು ಮನೆಯವರು ರಸ್ತೆಯವರೆಗೆ ಬಂದು ತಲೆ ಬಾಗಿಸಿ ಕೈ ಬೀಸುತ್ತಾರೆ. ನಿಮ್ಮ ಬಂಡಿ ತಿರುವಿನಲ್ಲಿ ಮರೆಯಾಗುವವರೆಗೂ ಬೀಸುತ್ತಲೇ ಇರುತ್ತಾರೆ, ಮಳೆ ಬಂದರೆ ಕೊಡೆ ಹಿಡಿದುಕೊಂಡು. ಹಿಂದೆ ತಿರುಗಿ ನೀವೂ ಕೈ ಬೀಸಿ. ಎಷ್ಟೋ ಜನ ಆಗಲೇ ಫೋನ್ ನೋಡುತ್ತಿರುತ್ತಾರೆ.

ಯುಕಾತಾ ಮನೆಗೆ ತರಬಹುದಾ?

ಇಲ್ಲ, ಅದು ಮನೆಯವರದ್ದು, ತೊಳೆದು ಮತ್ತೆ ಬಳಸುತ್ತಾರೆ. ಇಷ್ಟವಾದರೆ ಎಷ್ಟೋ ಕಡೆ ಮಾರುವುದಕ್ಕೂ ಇಟ್ಟಿರುತ್ತಾರೆ. ರ್ಯೋಕಾನ್ ಹೆಸರು ಅಚ್ಚಾಗಿರುವ ತೆಳ್ಳನೆಯ ಚಿಕ್ಕ ಟವೆಲ್ ಸಾಮಾನ್ಯವಾಗಿ ನಿಮಗೇ ಕೊಟ್ಟದ್ದು. ಕೇಳಿ ತೆಗೆದುಕೊಂಡು ಬನ್ನಿ.